ಅತ್ತೆ ಬಿಟ್ಟುಕೊಟ್ಟ ಎಲೆಗಳು

ನಾನು ಸೊಸೆಯಾಗಿ ಬಂದ ಮರುದಿನವೇ ಅತ್ತೆ ನನ್ನ ಕೈಗೆ ಪೊರಕೆ ಕೊಟ್ಟಿದ್ದರು. ಮೈದುನನ ಹೆಂಡತಿಗೆ ಮಾತ್ರ ಮದುವೆಯಾಗಿ ಎಂಟು ತಿಂಗಳಾದರೂ ಕುಡಿದ ಲೋಟ ತೊಳೆಯಲು ಬಿಡುತ್ತಿರಲಿಲ್ಲ. ಅವಳು ವಿಯೆಟ್ನಾಂನವಳು, ಎಲೆಕ್ಟ್ರಾನಿಕ್ ಸಿಟಿಯ ಆಫೀಸಿನಲ್ಲಿ ಮೈದುನನ ಜೊತೆ ಕೆಲಸ ಮಾಡುತ್ತಿದ್ದಳು. ದೂರದಿಂದ ಬಂದ ಕೂಸು ಅಂತ ಅವಳಿಗೆ ಉಪಚಾರ, ನನಗೆ ಚಾಕರಿ. ಮೈಯೆಲ್ಲ ಉರಿಯುತ್ತಿತ್ತು. ಆದರೂ ಅಡುಗೆಮನೆ ಬಾಗಿಲಲ್ಲಿ ನಿಂತು ‘ಅಕ್ಕ, ಏನಾದ್ರೂ ಕೆಲಸ ಕೊಡಿ’ ಅನ್ನುವವಳನ್ನು ಅತ್ತೆ ರೆಟ್ಟೆ ಹಿಡಿದು ಸೋಫಾದ ಮೇಲೆ ಕೂರಿಸಿದಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ.

ಅವರ ಹೊಸವರ್ಷಕ್ಕೆ ಅವಳು ಕೇಳಿದ್ದು ಒಂದೇ. ಊರಲ್ಲಿ ಹಬ್ಬಕ್ಕೆ ಮನೆಮಂದಿಯೆಲ್ಲ ಆಡುವ ಫೊಮ್ ಎಂಬ ಇಸ್ಪೀಟಾಟವನ್ನು ಇಲ್ಲೂ ಆಡಬೇಕು. ಅತ್ತೆ, ಅವಳು, ಮೈದುನ, ನಾನು, ನಾಗಸಂದ್ರದ ನಮ್ಮ ನಡುಮನೆಯಲ್ಲಿ ಚಾಪೆ ಹಾಸಿ ಕೂತೆವು.

ನಮ್ಮ ರಮ್ಮಿಯಂತೆಯೇ ಮೂರೋ ನಾಲ್ಕೋ ಎಲೆ ಸೇರಿಸಿ ಜೊತೆ ಕೂಡಿಸುವ ಆಟ, ಆದರೆ ಜೋಕರ್ ಇಲ್ಲ. ಒಬ್ಬೊಬ್ಬರಿಗೆ ಒಂಬತ್ತು ಎಲೆ, ಮೊದಲು ಇಳಿಸುವವರಿಗೆ ಒಂದು ಹೆಚ್ಚು. ಹಿಂದಿನವರು ಎಸೆದ ಎಲೆಯಿಂದ ಆಗಲೇ ಒಂದು ಜೊತೆ ಕೂಡುವುದಾದರೆ ಮಾತ್ರ ಅದನ್ನು ಎತ್ತಬಹುದು. ಇಲ್ಲದಿದ್ದರೆ ಕಟ್ಟಿನಿಂದ ಎಳೆಯಬೇಕು. ನಾಲ್ಕು ಸುತ್ತಿಗೆ ಆಟ ಮುಗಿಯುತ್ತದೆ. ಜೊತೆ ಕೂಡದೆ ಉಳಿದ ಎಲೆಗಳ ಅಂಕ ಯಾರಿಗೆ ಕಡಿಮೆಯೋ ಅವರು ಗೆದ್ದಂತೆ, ಒಂದು ಜೊತೆಯೂ ಇಲ್ಲದವರು ಎಲ್ಲರಿಗಿಂತ ಕೆಳಗೆ. ಹಾಗಾಗಿ ರಾಜ ರಾಣಿಯರನ್ನು ಬೇಗ ಕಳಿಸಿಬಿಡಬೇಕು, ಮುಂದಿನವರಿಗೆ ಬೇಕಾದ ಎಲೆಯನ್ನು ಸಾಯೋವರೆಗೂ ಬಿಡಬಾರದು.

ಅವಳು ಹೇಳಿಕೊಟ್ಟ ಇಷ್ಟನ್ನು ಅತ್ತೆಯ ತಲೆಗೆ ತುಂಬುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ರಮ್ಮಿ ಆಡಿ ಆಡಿ ಪಳಗಿದ ಕೈ. ಶೋ ಮಾಡುವ ಆಸೆಗೆ ರಾಜ ರಾಣಿಯರನ್ನು ಎದೆಗೆ ಅವುಚಿಕೊಂಡೇ ಕೂತಿದ್ದರು. ಅದಾದರೂ ಹೋಗಲಿ. ಓರಗಿತ್ತಿ ಅವರ ಮುಂದಿನ ಸರದಿಯವಳು. ಅವಳು ಆಟಿನ್ ಏಳು ಎತ್ತಿದ್ದೇ ತಡ, ಅತ್ತೆ ಊಟಕ್ಕೆ ಬಡಿಸುವವರ ಹಾಗೆ ಬಗ್ಗಿ, ‘ಇನ್ಯಾವ್ದು ಬೇಕವ್ವಾ?’ ಅಂತ ಕೇಳಿದರು. ಅವಳು ಹೇಳಲಿಲ್ಲ. ಇವರೇ ಊಹಿಸಿ ಎಂಟು ಹಾಕಿದರು, ಆಮೇಲೆ ಒಂಬತ್ತು. ಅವಳು ಗೆದ್ದಳು. ಮತ್ತೆ ಗೆದ್ದಳು. ಅತ್ತೆ ಚಪ್ಪಾಳೆ ತಟ್ಟಿದರು. ಹೀಗೆ ಕೈಯೆತ್ತಿ ಕೊಡುವುದಾದರೆ ಆಟ ಯಾಕೆ, ಕಟ್ಟನ್ನೇ ಅವಳ ಮಡಿಲಿಗೆ ಸುರಿದುಬಿಡಿ ಅಂತ ರೇಗಿಬಿಟ್ಟೆ. ಮೈದುನ ಹಲ್ಲು ಕಿರಿದ.

ಮೂರನೇ ಆಟದಲ್ಲಿ ಅವಳು ಎಲೆಗಳನ್ನು ಚಾಪೆಯ ಮೇಲೆ ಇಟ್ಟುಬಿಟ್ಟಳು. ಕಣ್ಣು ತುಂಬಿತ್ತು.

‘ಅತ್ತೆ, ನಮ್ಮಮ್ಮ ನಂಗೆ ಒಂದು ಎಲೆನೂ ಬಿಟ್ಟುಕೊಡಲ್ಲ. ಬಂದ ನೆಂಟ್ರಿಗೆ ಮಾತ್ರ ಕೊಡ್ತಾರೆ.’

ಅತ್ತೆ ಅವಳನ್ನೇ ನೋಡಿದರು. ಆಮೇಲೆ ಎಲೆಗಳನ್ನೆಲ್ಲ ಬಳಿದು ಕಲೆಸಿ, ಹಂಚಿದರು. ಈ ಸಲ ಬಾಯಿಗೆ ಬೀಗ. ಅವಳು ಏನನ್ನು ಬೇಡವೆಂದು ಎಸೆಯುತ್ತಿದ್ದಳೋ ನೋಡಿಕೊಂಡು ಅಂಥದ್ದನ್ನೇ ಇಳಿಸಿದರು. ಅಲ್ಲಾ, ಇಷ್ಟು ಹೊತ್ತು ಈ ಮುದುಕಿಗೆ ಎಲ್ಲಾ ಗೊತ್ತಿತ್ತಲ್ಲ ಅಂತ ನನಗೆ ಪಿತ್ತ ನೆತ್ತಿಗೇರಿತು. ನಾಲ್ಕು ಸುತ್ತು ಮುಗಿದಾಗ ಅವಳ ಕೈಯಲ್ಲಿ ಒಂದು ಜೊತೆಯೂ ಕೂಡಿರಲಿಲ್ಲ.

‘ನೀನು ಸೋತೆ ಕಣೇ’ ಅಂದರು ಅತ್ತೆ. ‘ಏಳು, ಎಲ್ರಿಗೂ ಕಾಫಿ ಮಾಡ್ಕೊಂಡು ಬಾ.’

ಅಭ್ಯಾಸಬಲದಿಂದ ನಾನು ಅರ್ಧ ಎದ್ದಿದ್ದೆ. ನನ್ನ ಸೆರಗು ಹಿಡಿದು ಕೂರಿಸಿದರು. ಅವಳು ಆಗಲೇ ಓಡಿದ್ದಳು. ಪಾತ್ರೆ ಬಿದ್ದ ಸದ್ದಾಯಿತು, ಒಂದೊಂದೇ ಡಬ್ಬಿ ತೆರೆದು ಮುಚ್ಚುವುದು ಕೇಳಿಸಿತು. ಕೊನೆಗೆ ಅಲ್ಲಿಂದಲೇ ಕೂಗಿದಳು: ‘ಅಕ್ಕ, ಸಕ್ಕರೆ ಎಲ್ಲಿದೆ?’

ಎಂಟು ತಿಂಗಳಲ್ಲಿ ಅದನ್ನು ನಾವ್ಯಾರೂ ಅವಳಿಗೆ ಹೇಳಿರಲಿಲ್ಲ.