ಹಾರ್ಡ್ ಡಿಸ್ಕಿನೊಳಗಿದ್ದ ಮಾವನ ಕಾಡು

ನಮ್ಮತ್ತೆಗೆ ಹಲ್ಲಿಯ ಮೇಲೆ ಬಹಳ ನಂಬಿಕೆ. ಯಾರಾದರೂ ಮಾತಾಡುವಾಗ ಹಲ್ಲಿ ಲೊಚಗುಟ್ಟಿದರೆ ಸಾಕು, ಕೂತಲ್ಲೇ ನೆಲಕ್ಕೆ ಬೆರಳು ಕುಟ್ಟಿ "ಶಿವಶಿವಾ, ಸತ್ಯ" ಎನ್ನುತ್ತಾರೆ. ಅಲ್ಲಿಗೆ ಆ ಮಾತು ಪಾಸ್.

ಕಳೆದ ತಿಂಗಳು ಒಂದು ಸಂಜೆ ಕಂಪ್ಯೂಟರ್ ಆನ್ ಮಾಡಿ ಕೂತಿದ್ದೆ. (ಹದಿನಾರು ವರ್ಷದ ಮುದಿ ಕಂಪ್ಯೂಟರ್. ಅದು ಎದ್ದು ಕೂರುವಷ್ಟರಲ್ಲಿ ನನ್ನದೊಂದು ಕಾಫಿ ಮುಗಿಯುತ್ತದೆ.) ಕಾಯುತ್ತಾ ಫೋನಿನಲ್ಲಿ ನನ್ನ ಸೋದರಮಾವನಿಗೆ ಹೇಳುತ್ತಿದ್ದೆ, "ಈ ಯುಗಾದಿಯೊಳಗೆ ನಿನ್ನ ಪುಸ್ತಕ ಮಾಡಿಸೇ ತೀರ್ತೀನಿ ಮಾವ."

ಲೊಚ್. ಲೊಚ್. ಲೊಚ್.

"ಶಿವಶಿವಾ, ಸತ್ಯ" ಎಂದರು ಅತ್ತೆ. ಬೆರಳೂ ಕುಟ್ಟಿದರು.

ಒಂದು ವಾರ ಹೀಗೇ ನಡೆಯಿತು. ನಾನು ಆನ್ ಮಾಡುವುದು, ಲೊಚಗುಟ್ಟುವುದು, ಅತ್ತೆ ನೆಲ ಕುಟ್ಟುವುದು. ಗೋಡೆಯಲ್ಲಿ ಹಲ್ಲಿಯೇ ಇಲ್ಲವಲ್ಲ ಎಂದರೆ, "ಮೇಜಿನ ಇಂದ್ಗಡೆ ಸಂಸಾರ ಊಡ್ಕಂಡದೆ, ಅದ್ರ ಪಾಡ್ಗೆ ಬುಡು" ಎಂದರು. ಎಂಟನೆಯ ದಿನ ಪರದೆ ಕಪ್ಪಾಯಿತು. ಲೊಚಗುಟ್ಟುವುದು ಮಾತ್ರ ನಿಲ್ಲಲಿಲ್ಲ. ಆಗ ಸಿಪಿಯುಗೆ ಕಿವಿ ಇಟ್ಟೆ. ಸದ್ದು ಬರುತ್ತಿದ್ದದ್ದು ಅದರೊಳಗಿನಿಂದ. ಹಾರ್ಡ್ ಡಿಸ್ಕ್ ಸಾಯುತ್ತಿತ್ತು.

(ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು. ದಯವಿಟ್ಟು ನನ್ನ ಶಾಲೆಯ ಮಕ್ಕಳ ಕಿವಿಗೆ ಈ ಸುದ್ದಿ ಹಾಕಬೇಡಿ.)

ಡಿಸ್ಕ್ ಹೋದರೆ ಹೋಗಲಿ, ಹೊಸದು ಹಾಕಿಸಿದರಾಯಿತು ಎನ್ನುತ್ತೀರಿ. ಅದರಲ್ಲಿ ಮಾವನ ಕಾಡು ಇತ್ತಲ್ಲ?

ನನ್ನ ಮಾವ ಗುಂಡ್ಲುಪೇಟೆ ಕಡೆಯ ಮದ್ದೂರು ಅರಣ್ಯ ವಲಯದಲ್ಲಿ ಫಾರೆಸ್ಟ್ ವಾಚರ್ ಆಗಿದ್ದವನು. (ಬಹುವಚನದಲ್ಲಿ ಬರೆದರೆ ಅವನೇ ನಗುತ್ತಾನೆ.) ಇಡೀ ನೌಕರಿ ನಡೆದೇ ಮುಗಿಸಿದ. ಆ ಕಾಡಿನ ಒಂದೊಂದು ಹಳ್ಳ, ಕೆರೆ, ಕಲ್ಲು, ತಿರುವಿಗೂ ವಾಚರುಗಳ ಬಾಯಲ್ಲಿ ಹೆಸರಿತ್ತು. ಸೀಗೆಗುತ್ತಿ ಹಳ್ಳ. ಕಡವೆ ನೆಕ್ಕುವ ಕಲ್ಲು. ಕುಂಟಾನೆ ಕೆರೆ. ಕುಪ್ಪಣ್ಣ ಬಿದ್ದ ದಿಣ್ಣೆ. (ಕುಪ್ಪಣ್ಣ ಎದ್ದು ಮನೆಗೆ ಹೋಗಿ ಚೆನ್ನಾಗಿಯೇ ಇದ್ದರಂತೆ. ಹೆಸರು ಮಾತ್ರ ಅಲ್ಲೇ ಉಳಿಯಿತು.) ಬೆಂಕಿ ಬಿದ್ದಾಗ ಎಲ್ಲಿ ಎಂದು ಕೂಗಿ ಹೇಳಬೇಕಲ್ಲ, ಅದಕ್ಕೆ ಈ ಹೆಸರುಗಳು. ಯಾವ ನಕ್ಷೆಯಲ್ಲೂ ಇವಿಲ್ಲ.

ಮಾವ ನಿವೃತ್ತನಾಗಿ ಕೆಲವು ವರ್ಷಗಳಾದ ಮೇಲೆ, ಇವತ್ತಿಗೆ ಹದಿನಾಲ್ಕು ವರ್ಷದ ಹಿಂದೆ, ನಾನು ನೋಟ್‌ಬುಕ್ ಹಿಡಿದು ಅವನ ಮುಂದೆ ಕೂತೆ. ಅವನಿಗೆ ಹೆಸರುಗಳನ್ನು ಸುಮ್ಮನೆ ಒಪ್ಪಿಸಲು ಬರುತ್ತಿರಲಿಲ್ಲ. ನಡೆಯಬೇಕಿತ್ತು. ಕಣ್ಣು ಮುಚ್ಚಿ ಚೆಕ್‌ಪೋಸ್ಟ್ ಗೇಟಿನಿಂದ ಹೊರಡುತ್ತಿದ್ದ. ಕೂತಲ್ಲೇ ಪಾದ ಆಡುತ್ತಿದ್ದವು. ಒಂದು ಹಳ್ಳ ದಾಟಿದರೆ ಒಂದು ಹೆಸರು. ನಡುವೆ ಯಾರಾದರೂ ಕಾಫಿ ತಂದರೆ ಮುಗಿಯಿತು, ಮತ್ತೆ ಗೇಟಿನಿಂದ ಶುರು. ಹೀಗೆ ನಾನೂರಕ್ಕೂ ಹೆಚ್ಚು ಹೆಸರು ಬರೆದುಕೊಂಡೆ. ಗುಂಡ್ಲುಪೇಟೆಯಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದ ರತ್ನಮ್ಮನ ಹತ್ತಿರ ಟೈಪ್ ಮಾಡಿಸಿದೆ. ಸಿಡಿಗೆ ಹಾಕಿಕೊಟ್ಟರು, ನಾನು ಕಂಪ್ಯೂಟರಿಗೆ ಇಳಿಸಿಕೊಂಡೆ. "ಪುಸ್ತಕ ಮಾಡಿಸ್ತೀನಿ ಮಾವ" ಎಂದೆ.

ಆಮೇಲೆ? ಆಮೇಲೆ ಏನೂ ಇಲ್ಲ. ಹದಿನಾಲ್ಕು ಯುಗಾದಿ ಬಂದು ಹೋದವು.

ನೋಟ್‌ಬುಕ್ಕನ್ನು ಗೆದ್ದಲು ತಿಂದಿತು. ಸಿಡಿಯನ್ನು ನನ್ನ ಯಜಮಾನರು, ಹಳೇ ಸಿಡಿ ತಾನೇ ಎಂದು, ಸೂರ್ಯಕಾಂತಿ ಹೊಲದಲ್ಲಿ ಗಿಣಿ ಬೆದರಿಸಲು ದಾರ ಕಟ್ಟಿ ತೂಗುಬಿಟ್ಟರು. ಮಾವ ವರ್ಷಗಟ್ಟಲೆ ಕಾದ ಕಾಡು ಒಂದು ಬೆಳೆಯ ಪೂರ್ತಿ ಗಿಣಿ ಕಾಯಿತು. ಮಾವನಿಗೆ ಈಗ ಎಂಬತ್ತರ ಹತ್ತಿರ. ಭೀಮನಬೀಡಿನಲ್ಲಿ ಮಗಳ ಮನೆಯಲ್ಲಿದ್ದಾನೆ, ಸುತ್ತ ಮೊಮ್ಮಕ್ಕಳು, ಹಸು, ಟಿವಿ. ಈಚೆಗೆ ಮರೆವು. ಊಟ ಮಾಡಿದ್ದು ಮರೆಯುತ್ತಾನೆ, ಮೊಮ್ಮಗಳ ಹೆಸರು ಮರೆಯುತ್ತಾನೆ. ಆದರೆ ಐವತ್ತು ದಾಟಿದ ನನ್ನನ್ನು ಫೋನಿನಲ್ಲಿ ಕೇಳುವುದನ್ನು ಮರೆಯುವುದಿಲ್ಲ, "ಅಮ್ಮಿ, ನನ್ ಕಾಡು ಪುಸ್ತ್ಕ ಆಯ್ತಾ?"

ಉಳಿದಿದ್ದ ಒಂದೇ ಪ್ರತಿ ಈಗ ಲೊಚಗುಟ್ಟುತ್ತಿತ್ತು.

ಚಾಮರಾಜನಗರದಲ್ಲಿ ಮೊದಲು ಹೋದ ಅಂಗಡಿಯಲ್ಲಿ ಸದ್ದು ಕೇಳಿದವರೇ "ಬಿಸಾಕಿ ಮೇಡಂ" ಎಂದರು. ಎರಡನೆಯದು ಸಿದ್ದರಾಜು ಅವರದ್ದು. ಸಣ್ಣ ಮಳಿಗೆ, ಒಳಗೆ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು. ಅವರು ಕ್ಯಾಬಿನೆಟ್ ಬಿಚ್ಚಿದರು. ಒಳಗೆ ಕುಂಕುಮ, ವಿಭೂತಿ, ಒಣಗಿದ ಸೇವಂತಿಗೆ ಎಸಳು. ವರ್ಷ ವರ್ಷದ ಆಯುಧಪೂಜೆಯೆಲ್ಲ ಫ್ಯಾನಿನ ಕಿಂಡಿಯಿಂದ ಒಳಗೆ ಹೋಗಿ ಕೂತಿತ್ತು.

"ಪೂಜೆ ಮಾಡಿ ಮೇಡಂ, ಬ್ಯಾಡ ಅನ್ನಕಿಲ್ಲ. ಆಚೆಯಿಂದ ಮಾಡಿ" ಎಂದರು. ಆಮೇಲೆ ಕೇಳಿದರು, "ಕೆಟ್ಮೇಲೆ ಎಷ್ಟ್ ಸಲ ಆನ್ ಮಾಡುದ್ರಿ?"

"ಇಪ್ಪತ್ತು ಸಲ ಇರಬಹುದು."

"ಕುಟ್ಟುದ್ರಾ?"

ಸುಳ್ಳು ಹೇಳೋಣವೆಂದರೆ ಬಾಯಿ ಬರಲಿಲ್ಲ. ಕುಟ್ಟಿದ್ದೆ. ಅತ್ತೆ ನೆಲ ಕುಟ್ಟಿದರು, ನಾನು ಸಿಪಿಯು ಕುಟ್ಟಿದೆ. ಇಬ್ಬರಲ್ಲಿ ಯಾರು ವಿಜ್ಞಾನದ ಟೀಚರ್ ಎಂದು ನೀವೇ ಹೇಳಿ.

ಸಿದ್ದರಾಜು ಬೈಯಲಿಲ್ಲ. ಒಳಗೆ ತಟ್ಟೆ ತಿರುಗುತ್ತದೆ, ಓದುವ ಮುಳ್ಳು ಜಾಗ ಸಿಕ್ಕದೆ ತಡಕಾಡುತ್ತದೆ, ಆ ತಡಕಾಟದ ಸದ್ದೇ ಇದು ಎಂದು ವಿವರಿಸಿದರು. ಸಿಕ್ಕೇ ಸಿಗುತ್ತದೆ ಎಂದು ಮಾತು ಕೊಡಲಿಲ್ಲ. "ಇದು ಉಸ್ರು ಎಣುಸ್ತಾ ಇರೋ ಜೀವ ಮೇಡಂ. ಅವಸ್ರ ಮಾಡುದ್ರೆ ಓಯ್ತದೆ. ಅದು ಕೊಟ್ಟಷ್ಟು ತಕ್ಕಬೇಕು" ಎಂದರು.

ನಾಲ್ಕು ದಿನ ತೆಗೆದುಕೊಂಡರು. ಶಾಲೆ ಬಿಟ್ಟ ಮೇಲೆ ನಾನು ದಿನವೂ ಹೋಗಿ ನಿಲ್ಲುತ್ತಿದ್ದೆ. ಡಿಸ್ಕನ್ನು ಹೊರತೆಗೆದು, ಮೆತ್ತನೆ ಬಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ಪುಟ್ಟ ಫ್ಯಾನ್ ಹಾಕಿದ್ದರು. ಕರೆಂಟ್ ಹೋದರೂ ನಿಲ್ಲದಂತೆ ಬ್ಯಾಟರಿ ಕೊಟ್ಟಿದ್ದರು. ಮೊದಲು ಅದರ ಒಂದು ನಕಲು ಇನ್ನೊಂದು ಡಿಸ್ಕಿಗೆ ಇಳಿಯಬೇಕು, ಫೈಲ್ ಹುಡುಕುವುದೆಲ್ಲ ಆ ನಕಲಿನಲ್ಲಿ. ಚೆನ್ನಾಗಿರುವ ಜಾಗ ಮೊದಲು. ಕೆಟ್ಟ ಜಾಗ ಸಿಕ್ಕಿದರೆ ಹಟ ಮಾಡದೆ ಮುಂದಕ್ಕೆ ಹೋಗುವುದು, ಕೊನೆಗೆ ಅಲ್ಲಿಗೇ ಮೆಲ್ಲಗೆ ಮರಳುವುದು. ಬಿಸಿಯಾದರೆ ನಿಲ್ಲಿಸಿ ಆರಲು ಬಿಡುವುದು. ಹೆರಿಗೆಯಾದ ಮನೆಯಲ್ಲಿ ಓಡಾಡುವವರ ಹಾಗೆ ಆ ಮಳಿಗೆಯಲ್ಲಿ ಅವರು ಓಡಾಡುತ್ತಿದ್ದರು. ಇಷ್ಟು ತಾಳ್ಮೆಯನ್ನು ನಾನು ಮನುಷ್ಯರ ಮೇಲೂ ತೋರಿಸಿದವಳಲ್ಲ, ಒಪ್ಪಿಕೊಳ್ಳುತ್ತೇನೆ.

ಐದನೆಯ ದಿನ ಫೈಲುಗಳು ಬಂದವು. ಫೋಟೋ ಬಂದವು, ಪ್ರಶ್ನೆಪತ್ರಿಕೆ ಬಂದವು. ಹೆಸರುಗಳೆಲ್ಲ ಹೋಗಿ ಬರೀ ನಂಬರುಗಳು. ಒಂದೊಂದಾಗಿ ತೆರೆಯುತ್ತಾ ಹೋದೆವು. ಹನ್ನೆರಡು ಪುಟದ್ದೊಂದು ಸಿಕ್ಕಿತು. ಮಾವನ ಪಟ್ಟಿಯೂ ಅಷ್ಟೇ ಉದ್ದವಿತ್ತು. ತೆರೆದರೆ ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರ. ಪಿ, ತಲೆಯ ಮೇಲೆ ಗೀಟಿರುವ ಇ, ಜಿ, ಮತ್ತೆ ಗೀಟಿನ ಇ. ಸೊನ್ನೆ, ಚುಕ್ಕಿ, ಕಾಲುಭಾಗದ ಗುರುತು. ಸಾಲು ಸಾಲು ಹೀಗೇ. ನಡುವೆ ಒಂದೂವರೆ ಪುಟ ಬರೀ ಚೌಕಗಳು.

"ಕೆಟ್ಟುಹೋಗಿದೆ ಅಲ್ವಾ?" ಎಂದೆ.

"ನಂದು ಡಿಸ್ಕಿನ ಕೆಲ್ಸ ಮೇಡಂ, ಇದು ನಂಗೂ ತಿಳೀತಿಲ್ಲ."

"ಹಾಗಿದ್ರೆ ಅಳಿಸಿಬಿಡಿ. ನೋಡಿದ್ರೆ ಹೊಟ್ಟೆ ಉರಿಯುತ್ತೆ."

ಅವರು ಅಳಿಸಲಿಲ್ಲ. "ಅಷ್ಟ್ ಕಷ್ಟಪಟ್ಟು ಬಂದದೆ, ಇರ್ಲಿ" ಎಂದು ಪೆನ್ ಡ್ರೈವಿಗೆ ಹಾಕಿ ನನ್ನ ಕೈಗಿಟ್ಟರು. ಆ ಒಂದು ಮಾತಿಗೆ ಅವರಿಗೆ ನಾನು ಎಷ್ಟು ಋಣಿ ಎಂದು ಅವತ್ತು ನನಗೆ ಗೊತ್ತಿರಲಿಲ್ಲ.

ಭಾನುವಾರ ಬಸ್ ಹತ್ತಿದೆ. ಮಾವನ ಮುಂದೆ ಕೂತು ನಿಜ ಹೇಳಿಬಿಡುವುದು ಎಂದು ತೀರ್ಮಾನಿಸಿದ್ದೆ. ಗುಂಡ್ಲುಪೇಟೆಯಲ್ಲಿ ಇಳಿದಾಗ ಮಾತ್ರ ಕೊನೆಯ ಆಸೆ. ರತ್ನಮ್ಮನ ಬಳಿ ಹಳೆಯ ಪ್ರತಿ ಇದ್ದರೆ?

ಅಂಗಡಿ ಅಲ್ಲೇ ಇತ್ತು. ಈಗ ಜೆರಾಕ್ಸ್, ಆಧಾರ್, ಆನ್‌ಲೈನ್ ಅರ್ಜಿ. ರತ್ನಮ್ಮನಿಗೆ ದಪ್ಪ ಕನ್ನಡಕ ಬಂದಿತ್ತು. ನನ್ನ ಗುರುತು ಹಿಡಿದರು. "ಆಗಿನ ಕಂಪ್ಯೂಟರು ಗುಜರಿಗೆ ಓಗಿ ಎಷ್ಟೋ ವರ್ಸ ಆಯ್ತು ಕಣಕ್ಕ" ಎಂದರು. ನನ್ನ ಮುಖ ನೋಡಿ, "ಎಲ್ಲಿ, ಬಂದಿರೋದ್ನ ತೋರ್ಸಿ" ಎಂದರು.

ಪೆನ್ ಡ್ರೈವ್ ಹಾಕಿ ಫೈಲ್ ತೆರೆದರು. ಕನ್ನಡಕ ಸರಿಮಾಡಿಕೊಂಡು ಪರದೆಗೆ ಬಗ್ಗಿದರು. ನಾನು ಕಾಟು ಹೊಡೆದುಬಿಟ್ಟಿದ್ದ ಆ ಪಿ, ಇ, ಜಿ, ಇ ಸಾಲುಗಳನ್ನು ನೋಡಿ, ಜೆರಾಕ್ಸಿಗೆ ನಿಂತವರೆಲ್ಲ ಕೇಳುವ ಹಾಗೆ ಓದತೊಡಗಿದರು.

"ಸೀಗೆಗುತ್ತಿ ಹಳ್ಳ. ಚಿಕ್ಕ ಸೀಗೆಗುತ್ತಿ ಹಳ್ಳ. ಕುಂಟಾನೆ ಕೆರೆ…"

"ಇದನ್ನ ಹೇಗೆ ಓದ್ತೀರಿ ರತ್ನಮ್ಮ?"

"ಇದು ಕೆಟ್ಟಿಲ್ಲ ಕಣಕ್ಕ. ಹಳೇ ಕನ್ನಡ ಫಾಂಟು. ಈಗಿನ ಕಂಪ್ಯೂಟ್ರಲ್ಲಿ ಅದಿಲ್ಲ, ಅದಕ್ಕೆ ಇಂಗ್ಲಿಷ್ ಗೀಚಿದಂಗೆ ಕಾಣ್ತದೆ. ಪಿ ಕಂಡ್ರೆ ಕ, ಜಿ ಕಂಡ್ರೆ ರ, ಕ್ಯೂ ಕಂಡ್ರೆ ಡ. ಪಿ, ಇ, ಜಿ, ಇ, ಕೆರೆ. ಇಪ್ಪತ್ತು ವರ್ಸ ಇದ್ರಲ್ಲೇ ಅನ್ನ ಉಂಡಿವ್ನಿ, ಓದಕ್ಕೆ ಬರಕಿಲ್ವಾ?"

ಲಗ್ನಪತ್ರಿಕೆ, ತಿಥಿ ಕಾರ್ಡು, ಕೋರ್ಟ್ ಅರ್ಜಿ. ಫಾಂಟ್ ಕೈಕೊಟ್ಟಾಗಲೆಲ್ಲ ಹೀಗೇ ನೋಡಿ ನೋಡಿ, ಕನ್ನಡವೇ ಅಲ್ಲದ ಅಕ್ಷರಗಳಲ್ಲಿ ಕನ್ನಡ ಓದುವುದನ್ನು ಕಣ್ಣಿಗೆ ಕಲಿಸಿಕೊಂಡ ಹೆಂಗಸು. ಯಾವ ಸರ್ಟಿಫಿಕೇಟೂ ಇಲ್ಲದ ವಿದ್ಯೆ. ಕೈಮುಗಿಯಬೇಕೆನಿಸಿತು. ಮುಗಿದೇಬಿಟ್ಟೆ. "ಅಯ್ಯೋ, ಸುಮ್ಕಿರಿ ಅಕ್ಕ" ಎಂದು ಕೈ ಹಿಡಿದುಕೊಂಡರು. ಆಮೇಲೆ ಡ್ರಾಯರಿನ ತಳದಿಂದ ಹಳೇ ಸಿಡಿಯೊಂದನ್ನು ಹುಡುಕಿ ತೆಗೆದು ಫಾಂಟ್ ಹಾಕಿದರು. (ನೋಡಿ, ಕೆಲವರು ಸಿಡಿಯನ್ನು ಗಿಣಿಗೆ ತೋರಿಸದೆಯೂ ಇಟ್ಟುಕೊಂಡಿರುತ್ತಾರೆ.) ಪರದೆಯ ಮೇಲೆ ಕನ್ನಡ ಎದ್ದು ನಿಂತಿತು.

"ಈ ಎರಡು ಸೀಗೆಗುತ್ತಿ ಹಳ್ಳ ಬೇರೆಬೇರೇನಾ ಅಂತ ಆಗ್ಲೂ ಕೇಳಿದ್ದೆ ನಾನು" ಎಂದರು ರತ್ನಮ್ಮ, ಪ್ರಿಂಟ್ ಕೊಡುತ್ತಾ. ಸಾಲಿನಲ್ಲಿದ್ದ ಹಿರಿಯರೊಬ್ಬರು, "ಬ್ಯಾರೆಬ್ಯಾರೆ ಕಣವ್ವ. ದೊಡ್ಡ ಅಳ್ಳದಲ್ಲಿ ನಮ್ಮಪ್ಪ ಸೀಗೆ ಬುಡುಸ್ತಿದ್ದ" ಎಂದರು. ಅರ್ಜಿ ಅವರ ಕೈಯಲ್ಲೇ ಮುದುರಿತ್ತು.

ಭೀಮನಬೀಡು ತಲುಪಿದಾಗ ಮಾವ ಜಗಲಿಯಲ್ಲಿ ಕೂತಿದ್ದ. ನನ್ನನ್ನು ನೋಡಿ ನನ್ನ ಅಮ್ಮನ ಹೆಸರು ಹಿಡಿದು ಕರೆದ. ತಿದ್ದಲಿಲ್ಲ. ಪಕ್ಕದಲ್ಲಿ ಕೂತು ಗೇಟಿನಿಂದ ಓದತೊಡಗಿದೆ.

ಮೂರನೆಯ ಹೆಸರಿಗೆ ಕಣ್ಣು ಮುಚ್ಚಿದ. ಹತ್ತನೆಯದಕ್ಕೆ ಪಾದ ಆಡಿದವು. ಗಡಿಬಿಡಿಯಲ್ಲಿ ನಾನೊಂದು ಸಾಲು ಬಿಟ್ಟೆ.

"ಎಲ್ಲಿಗ್ ಓಗ್ಬುಟ್ಟೆ ಅಮ್ಮಿ? ಅಳ್ಳ ದಾಟ್ದಂಗೆ ಕಲ್ಲು ಎಂಗ್ ಬತ್ತದೆ?"

ಅಮ್ಮಿ. ನಾನು ಯಾರೆಂದು ದಾರಿಯಲ್ಲೆಲ್ಲೋ ನೆನಪಾಗಿತ್ತು. ಹಿಂದೆ ಬಂದು, ಹಳ್ಳ ದಾಟಿ, ಮುಂದೆ ಓದಿದೆ. ಆರನೆಯ ಪುಟದ ಕೊನೆಗೆ ಆ ಚೌಕಗಳು ಬಂದವು. ನಿಲ್ಲಿಸಿದೆ.

"ಯಾಕ್ ನಿಂತ್ಕಂಡೆ?"

"ಇಲ್ಲಿ ಅಳಿಸಿಹೋಗಿದೆ ಮಾವ. ಒಂದೂವರೆ ಪುಟ."

"ದಾರಿ ಎಂಗಮ್ಮಿ ಅಳ್ಸೋದದು? ಬಾ, ಓಗನ."

ಕಣ್ಣು ತೆರೆಯದೆಯೇ ನಡೆದ. ಬಸರಿಮರದ ಮಡು. ಜೇನುಗಲ್ಲು. ಹಂದಿ ಈಜುವ ಕೆರೆ. ಹಸುವನ್ನು ಕಟ್ಟುವವರು, ಕಾಫಿ ತರುವವರು ಯಾರೂ ನಡುವೆ ಬರದಿರಲಿ ಎಂದು ಬೇಡಿಕೊಳ್ಳುತ್ತಾ, ಚೌಕಗಳ ಮೇಲೆಯೇ ಪೆನ್ನಿನಲ್ಲಿ ಬರೆದುಕೊಂಡೆ. ಕಣ್ಣು ಮಂಜಾಗಿ ಅಕ್ಷರ ಸೊಟ್ಟಗಾದವು. ಹನ್ನೊಂದು ಹೆಸರಾದ ಮೇಲೆ ಮಾವನ ಪಾದ ನಿಂತವು.

"ಕಾಲು ನೋಯ್ತದೆ ಕಣಮ್ಮಿ. ಇಲ್ಲೇ ವಸಿ ಕೂರನ."

ಕೂತೆವು. ಆ ಚೌಕಗಳಲ್ಲಿ ಇನ್ನೆಷ್ಟು ಹೆಸರು ಬಾಕಿ ಇವೆಯೋ ಗೊತ್ತಿಲ್ಲ. ಮುಂದಿನ ಭಾನುವಾರ ಮತ್ತೆ ಗೇಟಿನಿಂದ ಹೊರಡಬೇಕು. ಸ್ವಲ್ಪ ಹೊತ್ತಾದ ಮೇಲೆ ಮಾವ ಕಣ್ಣು ಬಿಟ್ಟು ಕೇಳಿದ, "ಪುಸ್ತ್ಕ ಯಾವಾಗಮ್ಮಿ?"

"ಯುಗಾದಿಗೆ ಮಾವ."

ಜಗಲಿಯ ತೊಲೆಯ ಮೇಲೆ ಹಲ್ಲಿಯೊಂದು ಕೂತಿತ್ತು, ನಿಜವಾದದ್ದೇ. ಕತ್ತೆತ್ತಿ ನೋಡಿದೆ. ಅದು ಲೊಚಗುಟ್ಟಲಿಲ್ಲ.

ಈ ಸಲ ಸತ್ಯ ಮಾಡುವ ಕೆಲಸ ನನ್ನ ಮೇಲೇ ಬಿತ್ತು.