ಎಫೀ ಕಾಯುವ ಎಂಟು ಕಲ್ಲುಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಬ್ಬರ್ ಬೂಟು ತೊಟ್ಟ ಎಫೀ ಡ್ಯೂವರ್ ಮೊಣಕಾಲುದ್ದದ ತಣ್ಣನೆ ಹೊಳೆಯಲ್ಲಿ ನಿಂತು ಕುಡುಗೋಲಿನಿಂದ ಜೊಂಡು ಕೊಯ್ಯುತ್ತಿದ್ದಾರೆ. ನಾಳೆ ಕ್ರಿಸ್‌ಮಸ್. ವರ್ಷಕ್ಕೊಮ್ಮೆ ಕಲ್ಲುಗಳ ಕೆಳಗೆ ಹಾಸುವ ಜೊಂಡು ಇವತ್ತೇ ಬದಲಾಗಬೇಕು. ನಾಯಿ ಹಿಡಿದು ಸೇತುವೆ ದಾಟುತ್ತಿದ್ದ ಇಬ್ಬರು ಹೆಂಗಸರು ಅವರನ್ನು ಕಂಡು ಮಾತು ನಿಲ್ಲಿಸುತ್ತಾರೆ. ಆಚೆ ದಡ ಮುಟ್ಟಿದ ಮೇಲೆ ಮತ್ತೆ ಶುರು.

“ನನ್ನ ಬಗ್ಗೇನೇ. ಹೋದ ವರ್ಷದಿಂದ ನನಗೆ ಬೆನ್ನಲ್ಲೂ ಕಿವಿ ಬಂದಿದೆ,” ಎಂದು, ಊರ ಪತ್ರಿಕೆಗೆ ಬರೆಯಲು ದಡದಲ್ಲಿ ನಿಂತಿರುವ ನನಗೆ ಹೇಳುತ್ತಾರೆ ಎಫೀ.

ನಮ್ಮ ಕಿಲ್‌ಡೋರನ್ ಊರಿನ ಹಳೇ ಹಿಟ್ಟಿನ ಗಿರಣಿಯಲ್ಲಿ, ಗೋಡೆಯ ಗೂಡಿನೊಳಗೆ, ಎಂಟು ಹೊಳೆಗಲ್ಲುಗಳಿವೆ. ತಲೆಗೊಂದು, ಹೊಟ್ಟೆಗೊಂದು, ಬೆನ್ನಿಗೊಂದು, ಭುಜಕ್ಕೊಂದು, ಹೀಗೆ. ಐರ್ಲೆಂಡಿನಿಂದ ಬಂದ ಸಂತ ಫಿಲನ್ ಇವುಗಳಿಂದಲೇ ರೋಗಿಗಳ ಮೈ ಸವರುತ್ತಿದ್ದ ಎಂದು ಊರು ಸಾವಿರ ವರ್ಷಕ್ಕೂ ಮಿಕ್ಕಿ ನಂಬಿದೆ. ಚರ್ಚಿನ ಪದ್ಧತಿಗಳು ಬದಲಾದವು, ಗಿರಣಿಯೇ ನಿಂತುಹೋಯಿತು, ಕಲ್ಲುಗಳು ಕದಲಲಿಲ್ಲ. ದೇವರೇ ಇಲ್ಲ ಎಂದು ಪಬ್‌ನಲ್ಲಿ ವಾದಿಸುವವರೂ ಸೊಂಟ ಹಿಡಿದರೆ ಕೋಟಿನ ಕಾಲರಿನಲ್ಲಿ ಮುಖ ಮರೆಸಿಕೊಂಡು ಇಲ್ಲಿಗೆ ಬರುತ್ತಾರೆ. ಪಾದ್ರಿಯವರೂ ಬರುತ್ತಾರೆಂದು ಊರು ಹೇಳುತ್ತದೆ. ಎಫೀ ಹೇಳುವುದಿಲ್ಲ.

ಹೊಟ್ಟೆಪಾಡಿಗೆ ಅವರು ಶಾಲೆಯ ಅಡುಗೆಮನೆಯಲ್ಲಿ ಸೂಪ್ ಕುದಿಸುತ್ತಾರೆ. ಕಲ್ಲು ಕಾಯುವುದಕ್ಕೆ ಸಂಬಳವಿಲ್ಲ. ಅದು ತಾಯಿಯಿಂದ ಬಂದದ್ದು. “ಕೀಲಿ ಕೊಡುವಾಗ ಅಮ್ಮ ಹೇಳಿದ್ದು ಒಂದೇ ಮಾತು. ಯಾರು ಬಂದಿದ್ರು ಅಂತ ಯಾರಿಗೂ ಹೇಳಬೇಡ.”

ಆ ಒಂದು ಮಾತೇ ಅವರಿಗೆ ಮುಳುವಾಯಿತು. ಹೋದ ವರ್ಷ ಶರತ್ಕಾಲದ ಒಂದು ಬೆಳಿಗ್ಗೆ ನೋಡಿದರೆ ಭುಜದ ಕಲ್ಲು ಇರಲಿಲ್ಲ. ಗಿರಣಿ ಸಮಿತಿಯ ಮುಖ್ಯಸ್ಥೆ ಮಿಸೆಸ್ ಗಿಲ್‌ಕ್ರೈಸ್ಟ್ ಓಡಿ ಬಂದರು.

“ಬೀಗ ಮುರಿದಿಲ್ಲ, ಎಫೀ. ಕೀಲಿ ಇರೋದು ನಿನ್ನ ಹತ್ರ. ನಿನ್ನೆ ಯಾರ್ಯಾರು ಬಂದಿದ್ರು?”

“ಅದನ್ನ ಹೇಳೋ ಹಾಗಿಲ್ಲ.”

“ಹಾಗಾದ್ರೆ ನಾವು ಏನು ಅಂದ್ಕೋಬೇಕು?”

“ನೀವು ಆಗ್ಲೇ ಅಂದ್ಕೊಂಡಾಗಿದೆಯಲ್ಲ.”

ಕೀಲಿ ಸಮಿತಿಯ ಕೈಗೆ ಹೋಯಿತು. ಕಲ್ಲನ್ನು ಪ್ರವಾಸಿಗೆ ಮಾರಿದಳಂತೆ ಎಂಬ ಮಾತು ಅಂಗಡಿಯಲ್ಲಿ ಹುಟ್ಟಿತು. ಅವಳ ಮನೆಗೆ ಹೊಸ ಒಲೆ ಎಲ್ಲಿಂದ ಬಂತು ಎಂದು ಬ್ರೆಡ್ ಕೊಳ್ಳುವವರೆಲ್ಲ ಕೇಳಿದರು.

ಊರಿನ ಅನುಮಾನದ ರೋಗ ಎಫೀಗೂ ಅಂಟಿತು. ಕಲ್ಲು ಕಾಣೆಯಾದ ಹಿಂದಿನ ಸಂಜೆ ಕೊನೆಗೆ ಬಂದಿದ್ದವನು ಅವರ ಅಣ್ಣ ಲಾಕ್ಲನ್. ಗಾರೆಯಿಲ್ಲದೆ ಕಲ್ಲಿನ ಗೋಡೆ ಕಟ್ಟಿ ಕಟ್ಟಿ ಭುಜದ ಬಲ ಕಳೆದುಕೊಂಡವನು. ನೀರು ತರಲು ಹೋದ ಎಫೀ ಅವನೊಬ್ಬನನ್ನೇ ಒಳಗೆ ಬಿಟ್ಟಿದ್ದರು. ಒಂದು ಭಾನುವಾರ, ಅವನು ಚರ್ಚಿಗೆ ಹೋಗಿದ್ದಾನೆಂದು ತಿಳಿದು, ಅವನ ಶೆಡ್ಡಿಗೆ ನುಗ್ಗಿದರು. ಶೆಡ್ಡಿನ ತುಂಬ ಬರೀ ಕಲ್ಲು. ಒಂದೊಂದನ್ನೇ ಎತ್ತಿ ನೋಡುತ್ತಿದ್ದಾಗ ಬಾಗಿಲಲ್ಲಿ ಲಾಕ್ಲನ್ ನಿಂತಿದ್ದ.

“ಯಾವುದು ಬೇಕಿತ್ತು ಹುಡುಗಿ? ಹೇಳು, ನಾನೂ ಹುಡುಕ್ತೀನಿ.”

ಅಂದಿನಿಂದ ಅವನು ಮಾತು ಬಿಟ್ಟ.

“ಊರೆಲ್ಲ ನನ್ನ ಕಳ್ಳಿ ಅಂದಾಗ ಪಬ್‌ನಲ್ಲಿ ಮೇಜು ಗುದ್ದಿ ಜಗಳಕ್ಕೆ ನಿಂತವನು ಅವನೊಬ್ಬನೇ,” ಎಂದು ಎಫೀ ಜೊಂಡಿನ ಕಟ್ಟು ಬಿಗಿಯುತ್ತಾರೆ. “ನಾನು ಹೋಗಿದ್ದು ಅವನ ಶೆಡ್ಡಿಗೆ.”

ವಸಂತದಲ್ಲಿ ಗಿರಣಿಯ ಹೊಸ್ತಿಲ ಮೇಲೆ ಕಲ್ಲು ಸಿಕ್ಕಿತು, ಟವೆಲಿನಲ್ಲಿ ಸುತ್ತಿಟ್ಟದ್ದು. ಯಾರಿಟ್ಟರೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಮಿಸೆಸ್ ಗಿಲ್‌ಕ್ರೈಸ್ಟ್ ಕೀಲಿಯ ಜೊತೆ ಒಂದು ಡಬ್ಬಿ ಬಿಸ್ಕತ್ತು ತಂದರು, ಕ್ಷಮೆ ತರಲಿಲ್ಲ. ಎಫೀಯೇ ಇಟ್ಟಿದ್ದು ಎಂದು ಅರ್ಧ ಊರು. ಇದು ಆ ಕಲ್ಲೇ ಅಲ್ಲ, ಹೊಳೆಯಿಂದ ಎತ್ತಿದ್ದು ಎಂದು ಉಳಿದರ್ಧ. ನಾನೂ ಕೈಯಲ್ಲಿ ಹಿಡಿದು ನೋಡುತ್ತೇನೆ. ಬೂದು, ಗುಂಡಗೆ. ಹೊಳೆಯಲ್ಲಿ ಇಂಥವು ಎಷ್ಟಿಲ್ಲ!

“ಅದೇ ಕಲ್ಲಾ, ಎಫೀ?”

“ಕೈ ಹೌದು ಅನ್ನುತ್ತೆ. ತಲೆ ಒಪ್ಪಲ್ಲ.”

ಮಧ್ಯಾಹ್ನದ ಹೊತ್ತಿಗೆ ಹಳೇ ಹುಲ್ಲು ಹೊರಬಿದ್ದಿದೆ, ಗೂಡಿನಲ್ಲಿ ಹಸಿ ಜೊಂಡು ಹರಡಿದೆ. ಬಾಗಿಲಿಗೆ ನೆರಳು ಬೀಳುತ್ತದೆ. ಎತ್ತರದ ಆಳು, ಎಡಗೈ ಜೋತುಬಿದ್ದಿದೆ. ಎಫೀ ನನ್ನತ್ತ ತಿರುಗುತ್ತಾರೆ.

“ಇವನು ಬಂದಿದ್ದು ಬರೀಬಾರದು.”

“ಬರೀಲಿ ಬಿಡು. ಅವತ್ತೂ ಇವತ್ತೂ ಲಾಕ್ಲನ್ ಬಂದಿದ್ದ ಅಂತಾನೇ ಬರೀಲಿ,” ಎಂದು ಅವನು ಕೋಟು ಕಳಚಿ ಸ್ಟೂಲಿನ ಮೇಲೆ ಕೂರುತ್ತಾನೆ.

ಎಫೀ ಕಲ್ಲು ತಂದು ಅಣ್ಣನ ಭುಜಕ್ಕಿಟ್ಟು ಮೆಲ್ಲಗೆ ಉಜ್ಜತೊಡಗುತ್ತಾರೆ. ಲಾಕ್ಲನ್ ಕತ್ತು ಹೊರಳಿಸಿ ನೋಡುತ್ತಾನೆ.

“ಅದೇ ಕಲ್ಲಾ ಇದು?”

“ಗೊತ್ತಿಲ್ಲ.”

“ನನ್ನ ಶೆಡ್ಡಿಂದೂ ಆಗಿರಬಹುದು.”

ಎಫೀಯ ಕೈ ನಿಲ್ಲುತ್ತದೆ.

“ನಿಲ್ಲಿಸಬೇಡ ಹುಡುಗಿ,” ಎನ್ನುತ್ತಾನೆ ಲಾಕ್ಲನ್. “ಇನ್ನೂ ಸ್ವಲ್ಪ ಕೆಳಗೆ.”