ಲಾಭದಿಂದ ಶುರುವಾಗುವ ಲೆಕ್ಕ

ಜನವರಿಯ ರವಿವಾರ, ಬೆಳಗಿನ ಆರೂವರೆ. ಹುಬ್ಬಳ್ಳಿ ಅಂಚಿನ ಗಬ್ಬೂರಿನಲ್ಲಿ ಬೈಪಾಸಿನ ಲಾರಿಗಳು ಆಗಲೇ ಎದ್ದಿವೆ. ಗುಡ್ಡಪ್ಪ ಹಿತ್ತಲಿನ ನುಗ್ಗೆಮರಕ್ಕೆ ಜೋಳದ ತೆನೆಗಳನ್ನು ಕಟ್ಟುತ್ತಾರೆ, ಹಳೆಯ ಪರಾತದಲ್ಲಿ ನುಚ್ಚು ಹರವುತ್ತಾರೆ. ಆಮೇಲೆ ಕಂಬಳಿ ಹೊದ್ದು ಬಾಗಿಲಲ್ಲಿ ಕೂಡುತ್ತಾರೆ. ನನಗೆ ಕೆಮ್ಮು ಬರುತ್ತದೆ. ‘ತಡಕೋರಿ, ಹಕ್ಕಿ ಹಾರ್ತಾವು’ ಎಂದು ಗದರುತ್ತಾರೆ. ಪತ್ರಿಕೆಯವನೆಂಬ ನನ್ನ ಗತ್ತು ಅಲ್ಲಿಗೆ ಇಳಿಯಿತು.

ಐವತ್ತೆಂಟರ ಗುಡ್ಡಪ್ಪ ಕೇಶ್ವಾಪುರದ ಒಂದು ಕಾಳುಕಡಿ ಅಂಗಡಿಯಲ್ಲಿ ಮೂವತ್ತು ವರ್ಷಗಳಿಂದ ಸೇರು ಹಿಡಿದು ಜೋಳ, ತೊಗರಿ ಅಳೆಯುತ್ತಾರೆ. ದೂಳು ಕುಡಿದು ಕುಡಿದು ಚಳಿಗಾಲದಲ್ಲಿ ಉಬ್ಬಸ. ೧೯೯೬ರಲ್ಲಿ ಆ ಅಂಗಡಿಗೆ ಬಂದ ಧಾರವಾಡದ ಕಾಲೇಜೊಂದರ ಉಪನ್ಯಾಸಕಿ ರಜನಿ, ಚಳಿಗಾಲದ ರವಿವಾರಗಳಂದು ಅರ್ಧ ತಾಸು ಹಿತ್ತಲಿನ ಹಕ್ಕಿ ಎಣಿಸುವವರು ಸಿಗುತ್ತಾರೆಯೇ ಎಂದು ಕೇಳಿದ್ದರು. ‘ಎಣಿಸೂದು ನನ್ನ ಉದ್ಯೋಗನ ಐತ್ರಿ’ ಎಂದು ಗುಡ್ಡಪ್ಪ ಒಪ್ಪಿಕೊಂಡರು. ಇದು ಹನ್ನೊಂದನೆಯ ಚಳಿಗಾಲ. ಸಂಬಳವೂ ಇಲ್ಲ, ಶಾಲೂ ಇಲ್ಲ.

ಬರೆಯಲು ಬಾರದು. ಆದ್ದರಿಂದ ಒಂದು ಹಕ್ಕಿಗೆ ಒಂದು ಹುಣಸೆಬೀಜ, ಜಾತಿಗೊಂದು ಚೀಲ. ಮೊದಲ ಚಳಿಗಾಲದಲ್ಲಿ ಗುಬ್ಬಿಯ ಚೀಲದಲ್ಲಿ ಒಂದೇ ದಿನ ಅರವತ್ತೆರಡು ಬೀಜ. ಸುತ್ತಲಿನ ಹಂಚಿನ ಮನೆಗಳು ಸ್ಲ್ಯಾಬಿನ ಮನೆಗಳಾಗುತ್ತ ಹೋದಂತೆ ಅದು ಮೂವತ್ತಾಯಿತು, ಹನ್ನೊಂದಾಯಿತು, ನಾಲ್ಕಾಯಿತು. ‘ಜ್ವರ ಬರ್ಲಿ, ಹಬ್ಬ ಬರ್ಲಿ, ಇವರು ಬೀಜ ಬಿಡೂದಿಲ್ರಿ. ಹುಳಿ ಮಾಡಾಕ ಹುಣಸಿಹಣ್ಣು ತಂದ್ರ ಮೊದ್ಲ ಬೀಜ ಕೇಳ್ತಾರ’ ಎಂದು ಹೆಂಡತಿ ದುರಗವ್ವ ನಗುತ್ತಾರೆ.

ಎಣಿಕೆ ಮುಗಿದ ಮೇಲೆ ಓಣಿಯ ಕಾಯಿನ್ ಫೋನಿನಿಂದ ರಜನಿಯವರಿಗೆ ವರದಿ. ಒಂದೊಂದೇ ಬೀಜ ಸರಿಸುತ್ತ ಜೋರಾಗಿ ಎಣಿಸುತ್ತಾರೆ. ಕಾಳು ಅಳೆಯುವವರು ಮೊದಲ ಸೇರಿಗೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಗುಡ್ಡಪ್ಪನವರ ಹಕ್ಕಿಗಳೂ ಹಾಗೆಯೇ: ಲಾಭ, ಎರಡು, ಮೂರು. ಪ್ಯಾಕೆಟ್ ಅಕ್ಕಿ ತಂದುಣ್ಣುವ ಮನೆಯ ರಜನಿ, ಎಣಿಕೆಗೆ ಮುಂಚೆ ದೇವರ ಹೆಸರು ಹೇಳಿದಂತೆ ಇದೂ ಒಂದು ಶುಭದ ಮಾತು ಎಂದುಕೊಂಡಿದ್ದರು. ಕೊನೆಯ ಅಂಕಿ ಬರೆದುಕೊಂಡರೆ ಲೆಕ್ಕ ಸರಿಯೇ ಇರುತ್ತಿತ್ತು.

ಹೋದ ಚಳಿಗಾಲದಲ್ಲಿ ಒಂದೇ ಒಂದು ಗಂಡುಗುಬ್ಬಿ ಬಂತು, ಐದು ರವಿವಾರ. ಐದೂ ಸಲ ಗುಡ್ಡಪ್ಪ ‘ಗುಬ್ಬಿ, ಲಾಭ’ ಎಂದು ಹೇಳಿ ಮುಂದಿನ ಚೀಲ ಬಿಚ್ಚಿದರು. ಲಾಭದ ನಂತರ ಅಂಕಿಯೇ ಬರಲಿಲ್ಲವಲ್ಲ, ರಜನಿ ಐದು ಸೊನ್ನೆ ಬರೆದರು.

ಈ ಡಿಸೆಂಬರಿನಲ್ಲಿ ಒಂದೂ ಬಾರದಿದ್ದಾಗ ಗುಡ್ಡಪ್ಪ ‘ಗುಬ್ಬಿ, ಖಾಲಿ’ ಎಂದರು. ‘ಹ್ವಾದ ವರ್ಷನೂ ಖಾಲಿನ ಇತ್ತಲ್ರಿ ಕಾಕಾ?’ ಎಂದು ರಜನಿ ಕೇಳಿದಾಗಲೇ ಗುಟ್ಟು ಬಯಲಾಯಿತು. ‘ಯಾರ್ ಹೇಳಿದ್ರು? ಐದು ರವಿವಾರ ಲಾಭ ಅಂದೇನಲ್ರಿ!’

ತಮ್ಮ ವಹಿಯಲ್ಲಿ ರಜನಿ ಆಗಲೇ ತಿದ್ದಿಕೊಂಡಿದ್ದಾರೆ. ಆದರೆ ಎಣಿಸುವವರೆಲ್ಲರ ಲೆಕ್ಕ ಸೇರಿಸಿ ಊರೂರಿಗೆ ಕಳಿಸಿದ ಅಚ್ಚಿನ ವರದಿಯಲ್ಲಿ ಸೊನ್ನೆಗಳೇ ಕೂತಿವೆ. ಈ ಸಲದ ವರದಿಯಲ್ಲಿ ತಿದ್ದುಪಡಿ ಹಾಕಿಸುವುದಾಗಿ ಮಾತು ಕೊಟ್ಟಿದ್ದಾರೆ. ಗುಡ್ಡಪ್ಪ ವಾರವಾರ ನೆನಪಿಸುತ್ತಾರೆ.

ಇವತ್ತೂ ಗುಬ್ಬಿ ಇಲ್ಲ. ಕಾಯಿನ್ ಫೋನಿನ ಮುಂದೆ ಬೀಜ ಸರಿಯುತ್ತವೆ. ‘ಗುಬ್ಬಿ, ಖಾಲಿ. ಪಿಕಳಾರ, ಲಾಭ... ಲಾಭ ಅಂದ್ರ ಒಂದ್ರಿ ಮೇಡಂ. ಹ್ವಾದ ವರ್ಷದ್ದು ಹಾಕಸ್ತೀರಲ್ಲ?’

ತಿದ್ದಿದರೆ ನಿಮಗೇನು ಸಿಗುತ್ತದೆ ಎಂದು ಕೇಳಿದೆ. ಕೇಳಬಾರದಿತ್ತು.

‘ನನಗೇನೂ ಬ್ಯಾಡ್ರಿ’ ಎಂದು ಬೀಜಗಳನ್ನು ಚೀಲಕ್ಕೆ ತುಂಬಿದರು. ‘ಬರಲಾರದ್ದಕ್ಕ ಖಾಲಿ ಅಂತ ನಾನ ಹೇಳಾಕತ್ತೇನಿ. ಆದ್ರ ಅದು ಅಂಥಾ ಥಂಡ್ಯಾಗ ಒಂದ ಬಂದು ನಮ್ಮ ತೆನಿ ತಿಂದು ಹೋಗೇತ್ರಿ. ಅದು ಬಂದೇ ಇಲ್ಲಾ ಅನಬ್ಯಾಡ್ರಿ.’